ತಗಡು ಬಾಗಿಸುವ ಕಾಯಕ

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಬಾಚಿ ಹಿಡಿದು ಮರ ಕೆತ್ತುವವರಿದ್ದರು, ಬುಟ್ಟಿ ಹೆಣೆಯುವವರಿದ್ದರು, ದೋಣಿ ನಡೆಸುವವರಿದ್ದರು. ಆ ಸಾಲಿನಲ್ಲಿಟ್ಟು ನೆನೆಯಬೇಕಾದ ಇಂದಿನ ಕಾಯಕವೊಂದು ತಗಡು ಬಾಗಿಸುವುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹೆಂಚಿನ ಮನೆಗಳಲ್ಲಿ ಬಾಳುವ ಭಕ್ತರಿಗೆ ಅದರ ಬೆಲೆ ಆಷಾಢದಲ್ಲಿ ತಿಳಿಯುತ್ತದೆ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ತರುವಾಯ ಮಲೆನಾಡಿನ ಹುಲ್ಲಿನ ಮಾಡುಗಳು ಕ್ರಮೇಣ ಹೆಂಚಿಗೆ ಎಡೆಗೊಟ್ಟವು. ಇಳಿಜಾರಿನಲ್ಲಿ ಹೆಂಚು ನೀರನ್ನು ಚೆನ್ನಾಗಿ ಜಾರಿಸುತ್ತದೆ. ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ಮಾತ್ರ ಅದರ ಆಟ ಸಾಗದು. ಎರಡೂ ಕಡೆಯ ನೀರು ಅಲ್ಲಿಯೇ ಸೇರುವುದರಿಂದ ಹೆಂಚಿನಡಿಯಲ್ಲಿ ತಗಡಿನ ಕಾಲುವೆ ಬೇಕು. ಅದು ಸೋರಿದರೆ ನೀರು ಮಣ್ಣಿನ ಗೋಡೆಯ ನೆತ್ತಿಗಿಳಿಯುತ್ತದೆ. ಗೋಡೆ ಒಳಗೆ ಕರಗಿರುವುದು ಹೊರಗೆ ಕಾಣುವ ವೇಳೆಗೆ ತಡವಾಗಿರುತ್ತದೆ.

ಈ ಕಾಲುವೆಯನ್ನು ಮಾಡುವ ಯಂತ್ರಕ್ಕೆ ವಿದ್ಯುತ್ತು ಬೇಡ. ಮಳೆಗಾಲದಲ್ಲಿ ವಿದ್ಯುತ್ತಿರುವುದೇ ಒಂದು ಭಾಗ್ಯವಾದ ಸೀಮೆಗೆ ಇದು ಸಣ್ಣ ಅನುಕೂಲವಲ್ಲ. ಸತುವಿನ ಲೇಪವಿರುವ, ಅರ್ಧ ಮಿಲಿಮೀಟರಿನಷ್ಟು ದಪ್ಪದ ತಗಡನ್ನು ಮೇಲಿನ ಒತ್ತುಪಟ್ಟಿ ಅದುಮಿ ಹಿಡಿಯುತ್ತದೆ. ಮುಂದಿನ ಹಲಗೆಯನ್ನು ಹಿಡಿಕೆಯಿಂದ ಮೇಲೆತ್ತಿದಾಗ ತಗಡು ಗೆರೆಯುದ್ದಕ್ಕೂ ಒಮ್ಮೆಲೇ ಬಾಗುತ್ತದೆ. ಕೊಡತಿಯಿಂದ ಬಡಿದು ಬಾಗಿಸಿದ್ದರಲ್ಲಿ ಉಳಿಯುವ ಅಲೆ ಇದರಲ್ಲಿರದು. ಮೊದಲು ಎರಡೂ ಅಂಚುಗಳನ್ನು ಒಳಕ್ಕೆ ಮಡಿಸುವುದು, ನಡುವಿನ ಬಾಗನ್ನು ಕಡೆಯಲ್ಲಿ ತೆಗೆಯುವುದು ರೂಢಿ. ಅಂಚಿನ ಮಡಿಕೆಯೇ ಉಕ್ಕಿದ ನೀರನ್ನು ಹೆಂಚಿನಡಿಗೆ ಹೋಗದಂತೆ ತಡೆಯುವುದು.

ಕೈಯ ಅನುಭವ ಬೇಕಾಗುವುದು ಇನ್ನೊಂದೆಡೆ. ಹಲಗೆಯನ್ನು ಇಳಿಸಿದೊಡನೆ ತಗಡು ತುಸು ಹಿಂದಕ್ಕೆ ಸರಿಯುತ್ತದೆ. ತೊಂಬತ್ತು ಡಿಗ್ರಿ ಬೇಕಾದವನು ತೊಂಬತ್ತಕ್ಕೇ ನಿಲ್ಲಿಸಿದರೆ ಮೂಲೆ ಸಡಿಲವಾಯಿತೆಂದೇ ತಿಳಿಯಬೇಕು. ಎರಡು ಮೂರು ಡಿಗ್ರಿ ಮೀರಿಯೇ ಬಾಗಿಸಬೇಕು. ಎಷ್ಟು ಮೀರಬೇಕೆಂಬುದನ್ನು ತಗಡಿನ ದಪ್ಪವೂ ಗಡಸುತನವೂ ನಿರ್ಣಯಿಸುತ್ತವೆ. ಆದುದರಿಂದ ಬಲ್ಲವರು ಮೊದಲು ಅದೇ ತಗಡಿನ ತುಂಡೊಂದನ್ನು ಬಾಗಿಸಿ ನೋಡುತ್ತಾರೆ. ಈ ತಾಳ್ಮೆಯೇ ಆ ಕಾಯಕದ ನಿಜವಾದ ಬಂಡವಾಳವೆನ್ನಬೇಕು. ತಪ್ಪಿದ ಮಡಿಕೆಯನ್ನು ಬಿಡಿಸಿ ಅದೇ ಗೆರೆಯಲ್ಲಿ ಮತ್ತೆ ಬಾಗಿಸಿದರೆ ಸತುವಿನ ಲೇಪ ಬಿರಿಯುತ್ತದೆ, ಕಣ್ಣಿಗೆ ಅದು ತೋರದು. ಮಲೆನಾಡಿನ ತೇವದಲ್ಲಿ ತುಕ್ಕು ಹಿಡಿಯುವುದು ಆ ಬಿರುಕಿನಿಂದಲೇ. ಮನೆಯವರಿಗೆ ಹೇಳದೆ ಅಂತಹ ತಗಡನ್ನೇ ಏರಿಸಿಬಿಡುವುದು ಸುಲಭ. ಅದನ್ನು ಬದಿಗಿಟ್ಟು ಹೊಸ ತಗಡು ಕತ್ತರಿಸಿದವನಿಗೆ ಆ ದಿನದ ಲಾಭ ಹೋಗುತ್ತದೆ.

ನಾಲ್ಕಡಿಯ ಯಂತ್ರದಲ್ಲಿ ನಾಲ್ಕಡಿಗಿಂತ ಉದ್ದದ ಬಾಗು ಒಮ್ಮೆಗೆ ಬಾರದು. ಆದ್ದರಿಂದ ಉದ್ದದ ಕಾಲುವೆಯನ್ನು ತುಂಡುಗಳಾಗಿ ಮಾಡಿ, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿಯಾದರೂ ಬರುವಂತೆ ಕೂಡಿಸುತ್ತಾರೆ. ಕೆಲಸವೆಲ್ಲ ಜೂನ್ ತಿಂಗಳ ಮೊದಲೇ ಮುಗಿಯಬೇಕು. ಆಮೇಲೆ ಮನೆಯವರಿಗೆ ಉಳಿಯುವುದು ಗಾಳಿಮಳೆ ನಿಂತಾಗ ಏಣಿ ಹತ್ತಿ ಕಾಲುವೆಯಲ್ಲಿ ತುಂಬಿದ ಎಲೆ ತೆಗೆಯುವ ಕೆಲಸ.