ಹೊಲದ ಹೊಟ್ಟು, ಗಿರಣಿಯ ಚುನ್ನಿ

ತೊಗರಿ ರಾಶಿ ಮುಗಿದ ಮೇಲೆ, ಪುಷ್ಯದ ಚಳಿಯಲ್ಲಿ, ಕಮಲಾಪುರದ ನಮ್ಮ ಹೊಲದಲ್ಲಿ ರಾತ್ರಿ ಬೆಂಕಿ ಹಾಕಿ ಕೂಡುವ ರೂಢಿ ಇನ್ನೂ ಉಳಿದಿದೆ. ತೊಗರಿ ಕಟ್ಟಿಗೆ ಬೇಗ ಹತ್ತುತ್ತದೆ, ಬೇಗ ಆರುತ್ತದೆ. ಹೀಗಾಗಿ ಮಾತು ನಡೆದಷ್ಟು ಹೊತ್ತು ಒಬ್ಬ ಹುಡುಗ ಕಟ್ಟಿಗೆ ಹಾಕುತ್ತಲೇ ಇರಬೇಕು. ಆ ಹುಡುಗರು ಪ್ರತಿ ವರ್ಷ ಕೇಳುವುದು ಒಂದೇ ಕಥೆ. "ಕಾಕಾನ ಮರಿ ಸತ್ತಿದ್ದು ಹೇಳ್ರಿ." ಸತ್ತದ್ದು ನಾಲ್ಕು ಕುರಿಮರಿ, ಉಳಿದದ್ದು ಮೂವತ್ತೆಂಟು. ಆದರೂ ಅವರಿಗೆ ಬೇಕಾದದ್ದು ಆ ನಾಲ್ಕರ ಕಥೆ. ನಾನು ಕಲಿತದ್ದೂ ಆ ನಾಲ್ಕರಿಂದಲೇ, ಹಾಗಾಗಿ ಬೇಸರವಿಲ್ಲದೆ ಹೇಳುತ್ತೇನೆ.

2016ರ ಮಾತು. ಹಿಂದಿನ ವರ್ಷ ಮುಂಗಾರೂ ಹಿಂಗಾರೂ ಕೈಕೊಟ್ಟಿದ್ದವು. 2015ರ ಅಕ್ಟೋಬರಿನಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋಗಿ ದೇಶವೆಲ್ಲ ಅದೇ ಮಾತಾಗಿತ್ತು. ತೊಗರಿಯ ಕಣಜ ಎನಿಸಿಕೊಂಡ ನಮ್ಮ ಜಿಲ್ಲೆಯಲ್ಲಿ ಮಾತ್ರ ಬೆಲೆ ಇದ್ದಾಗ ಕಾಳಿರಲಿಲ್ಲ. ಹೂವು ಬಿಟ್ಟ ಹೊತ್ತಿಗೆ ತೇವವಿಲ್ಲದೆ ಕಾಯಿ ಜೊಳ್ಳಾದವು. ಆ ಬೇಸಿಗೆಯಲ್ಲೇ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ಹೋದದ್ದು ಓದುಗರಿಗೆ ನೆನಪಿರಬಹುದು. ವಿಶ್ವಸಂಸ್ಥೆ 2016ನ್ನು ಅಂತರರಾಷ್ಟ್ರೀಯ ದ್ವಿದಳ ಧಾನ್ಯಗಳ ವರ್ಷ ಎಂದು ಸಾರಿತ್ತು. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಾನಾಗ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಹುಮನಾಬಾದ್ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶದ ಕಡೆ. ಅದೇ ರಸ್ತೆ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ನಮ್ಮ ಕಮಲಾಪುರ. ಬೀದರ್ ರೈಲು ಶುರುವಾದದ್ದು 2017ರ ಅಕ್ಟೋಬರಿನಲ್ಲಿ, ಅಲ್ಲಿಯವರೆಗೆ ನಮಗೆ ಬಸ್ಸು, ಟಂಟಂ, ಇಲ್ಲವೇ ಲಾರಿಯ ಕ್ಯಾಬಿನ್ನೇ ಗತಿ. ಯುಗಾದಿಗೆ ಊರಿಗೆ ಹೋದಾಗ ಕಾಕಾ ಹಟ್ಟಿಯಲ್ಲಿ ತಲೆಗೆ ಕೈ ಹಚ್ಚಿ ಕೂತಿದ್ದ. ಫೆಬ್ರುವರಿಯಲ್ಲಿ ಈದ ಮರಿಗಳು ನಲವತ್ತೆರಡು. ಎರಡು ತಿಂಗಳ ಮರಿ ಎಂದರೆ ಜಿಗಿಯಬೇಕು, ಒಂದರ ಮೇಲೊಂದು ಹತ್ತಬೇಕು. ಇವು ಗೋಡೆಯ ನೆರಳಿಗೆ ಒತ್ತಿಕೊಂಡು ನಿಂತಿದ್ದವು. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಎಣಿಸಬಹುದಿತ್ತು.

"ಕೆಚ್ಚಲದಾಗ ಹಾಲಿಲ್ಲ, ಹೊಲದಾಗ ಹಸರಿಲ್ಲ. ಬರೋ ಸಂತಿಗಿ ಹೊಡಕೊಂಡು ಹೋಗ್ತೀನಿ. ಬಂದಷ್ಟು ಬರ್ಲಿ," ಎಂದ.

ನಮ್ಮವು ದಖನಿ ಕುರಿ, ಕರಿ ಉಣ್ಣೆಯವು. ಅಜ್ಜನ ಕಾಲದಲ್ಲಿ ಕಂಬಳಿಗೆ ಹೆಸರಾದವು. ಬರ ತಡೆಯುವ ಜಾತಿ ಎಂದು ಎಲ್ಲರೂ ಹೇಳುತ್ತಾರೆ. ದೊಡ್ಡ ಕುರಿ ತಡೆಯುತ್ತದೆ, ಜಾಲಿಕಾಯಿ ತಿಂದು, ಒಣ ಕಣಿಕೆ ಕಡಿದು, ಎಲ್ಲೋ ಹೇಗೋ ದಿನ ನೂಕುತ್ತದೆ. ಮರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಕಾಕಾ ಅವಕ್ಕೆ ಬಾಳೆದಿಂಡು ಕೊಚ್ಚಿ ಹಾಕುತ್ತಿದ್ದ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ದೂರದೂರಿನವರೂ ಕೇಳಿ ಪಡೆಯುವ ಹಣ್ಣು. ಆ ವರ್ಷ ಬಾವಿ ಬತ್ತಿ, ಪರಿಚಯದವರೊಬ್ಬರು ತೋಟವನ್ನೇ ಕಡಿದು ಹಾಕಿದ್ದರು. ದಿಂಡಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮೇಲೆ ನೀರೇ. ಮರಿಗಳ ಬಾಯಾರಿಕೆ ಅದರಿಂದ ಹಿಂಗುತ್ತಿತ್ತು, ಹೊಟ್ಟೆ ತುಂಬಿದಂತೆ ಕಾಣುತ್ತಿತ್ತು, ಮೈ ಮಾತ್ರ ಹತ್ತುತ್ತಿರಲಿಲ್ಲ.

ನನ್ನ ತಲೆಯಲ್ಲಿ ಗಿರಣಿಯ ಗೋದಾಮು ಬಂತು. ತೊಗರಿ ಬೇಳೆ ಆಗುವ ರೀತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಕಾಳನ್ನು ಉರುಳೆಯಲ್ಲಿ ಉಜ್ಜಿ ಸಿಪ್ಪೆಗೆ ಗಾಯ ಮಾಡುತ್ತಾರೆ, ಎಣ್ಣೆ ಸವರಿ ಬಿಸಿಲಿಗೆ ಹರವುತ್ತಾರೆ, ಮತ್ತೆ ಉಜ್ಜಿ ಸಿಪ್ಪೆ ಬಿಡಿಸಿ ಒಡೆಯುತ್ತಾರೆ. ಕ್ವಿಂಟಲ್ ತೊಗರಿಗೆ ಬೇಳೆ ಸಿಗುವುದು 70ರಿಂದ 75 ಕಿಲೋ. ಉಳಿದದ್ದರಲ್ಲಿ ಒಂದು ಪಾಲು ಬರೀ ಸಿಪ್ಪೆ. ಇನ್ನೊಂದು ಪಾಲು ಚುನ್ನಿ: ಪುಡಿ, ನುಚ್ಚು, ಮೊಳಕೆಯ ಕಣ್ಣು, ಸ್ವಲ್ಪ ಸಿಪ್ಪೆ ಎಲ್ಲ ಕೂಡಿದ್ದು. ಇದರಲ್ಲಿ ನೂರಕ್ಕೆ ಹದಿನೇಳು ಹದಿನೆಂಟರಷ್ಟು ಸಸಾರಜನಕ ಇರುತ್ತದೆ, ಜೋಳದ ಕಣಿಕೆಯಲ್ಲಿ ನಾಲ್ಕರ ಆಸುಪಾಸು. ನನ್ನ ಕೈಯಾರೆ ಬರೆದ ಚೀಟಿಯ ಮೇಲೆ ಆ ಚುನ್ನಿ ಲಾರಿ ಹತ್ತಿ ದೂರದ ಪಶು ಆಹಾರ ಕಾರ್ಖಾನೆಗಳಿಗೆ ಹೋಗುತ್ತಿತ್ತು. 35 ಕಿಲೋಮೀಟರ್ ಆಚೆ ನಮ್ಮ ಮರಿ ಬಾಳೆದಿಂಡು ಅಗಿಯುತ್ತಿದ್ದವು.

ಪಗಾರದಲ್ಲಿ ಮುರಿದುಕೊಳ್ಳಿ ಎಂದು ಹೇಳಿ ಆರು ಚೀಲ ಚುನ್ನಿ ಎತ್ತಿಸಿದೆ. ಗಂಜ್ ಮಾರುಕಟ್ಟೆಯಲ್ಲಿ ಎರಡು ಚೀಲ ಒಡಕ ಜೋಳ ಕೊಂಡೆ. ಸಂಜೆ ಹಟ್ಟಿ ಮುಟ್ಟಿದಾಗ ನನಗೆ ಬಂದ ಖುಷಿ ಇಷ್ಟಿಷ್ಟಲ್ಲ. ಎರಡನ್ನೂ ಕಲಸಿ ದೋಣಿ ತುಂಬ ಸುರಿದೆ. ಹಸಿದ ಮರಿ ಮೂತಿ ಎತ್ತಲಿಲ್ಲ. ಕಾಕಾ, "ಸಾಕಲ್ಲೋ ತಮ್ಮಾ," ಎಂದ. "ತಿನ್ಲಿ ಬಿಡು ಕಾಕಾ, ಎಷ್ಟು ದಿನದ ಹಸಿವಿ," ಎಂದೆ ನಾನು.

ಬೆಳಗಾಗುವುದರೊಳಗೆ ಮೂರು ಸತ್ತವು. ಎಂಟು ಹತ್ತು ಮರಿ ಹೊಟ್ಟೆ ಉಬ್ಬಿ, ಹಲ್ಲು ಕಡಿಯುತ್ತ, ನೀರಿನಂತೆ ಹೇತು ಮಲಗಿದ್ದವು. ಕಾಕಾ ನನ್ನನ್ನು ಬೈಯಲಿಲ್ಲ. ಸತ್ತ ಮರಿಯ ಕಿವಿ ಹಿಡಿದು ಸುಮ್ಮನೆ ಕೂತ. ಆ ಮೌನ ನನಗೆ ಇಂದಿಗೂ ಮರೆಯದು.

ಬಂದ ಪಶುವೈದ್ಯರು ಬೀದರಿನ ಕಾಲೇಜಿನಲ್ಲಿ ಕಲಿತವರು, ನಮ್ಮ ಕಡೆಯ ಮಾತೇ ಆಡುವವರು. ಮೊದಲು ಉಬ್ಬಿದ ಮರಿಗಳಿಗೆ ಸೋಡಾಪುಡಿ ಕದಡಿ ಕುಡಿಸಿದರು, ದೋಣಿ ಖಾಲಿ ಮಾಡಿಸಿದರು. ಆಮೇಲೆ ಜಾಲಿ ಕಡ್ಡಿ ಹಿಡಿದು, ಕುರಿಯ ಹೊಟ್ಟೆಯ ನಾಲ್ಕು ಕೋಣೆಗಳೆಂದು ನೆಲದ ಮೇಲೆ ನಾಲ್ಕು ಗುಂಡು ಬರೆದರು.

"ಮರಿ ಹುಟ್ಟಿದಾಗ ಇದರಾಗ ಕೆಲಸ ಮಾಡೋದು ಕೊನೀದು ಒಂದೇ. ಹಾಲು ಸೀದಾ ಅದಕ್ಕ ಇಳೀತದ. ಮೊದಲಿನ ದೊಡ್ಡ ಹೊಟ್ಟಿ ಖಾಲಿ ಚೀಲ ಇದ್ದಂಗ. ಅದನ್ನ ದಿನಾ ಸ್ವಲ್ಪ ಸ್ವಲ್ಪ ಮೇವು ಕೊಟ್ಟು ನಾವು ಕಟ್ಟಬೇಕು. ಅದರಾಗ ಕಣ್ಣಿಗಿ ಕಾಣದ ಜೀವ ಇರ್ತಾವ, ನಾರು ತಿನ್ನೋವು ಬ್ಯಾರೆ, ಹಿಟ್ಟು ತಿನ್ನೋವು ಬ್ಯಾರೆ. ಒಮ್ಮೆಲೆ ಜ್ವಾಳ ಸುರಿದ್ರ ಹಿಟ್ಟು ತಿನ್ನೋವು ಹುಚ್ಚಾಪಟ್ಟಿ ಬೆಳೆದು ಎಲ್ಲಾ ಹುಳಿ ಮಾಡಿಬಿಡ್ತಾವ."

ಆ ಹುಳಿಯೇ ಮರಿಗಳನ್ನು ಕೊಂದದ್ದು. ಅದರ ಬೆನ್ನಿಗೇ ಕರುಳು ಬೇನೆಯೂ ಬರಬಹುದೆಂದು ಉಳಿದವಕ್ಕೆ ಲಸಿಕೆ ಹಾಕಿದರು. ಮೇವು ಬದಲಿಸುವುದಕ್ಕೆ ಎರಡು ಮೂರು ವಾರ ಬೇಕು, ಅವಸರಕ್ಕೆ ಮದ್ದಿಲ್ಲ ಎಂದರು.

ಚುನ್ನಿಯನ್ನು ಎಸೆಯಬೇಕೇ ಎಂದು ಕೇಳಿದೆ. ಅವರು ಅತ್ತಿತ್ತ ನೋಡಿ, ಪಕ್ಕದ ಹೊಲದ ಬದುವಿನಲ್ಲಿದ್ದ ಗುಡ್ಡೆ ತೋರಿಸಿದರು. ರಾಶಿ ಯಂತ್ರ ಉಗುಳಿಹೋದ ತೊಗರಿ ಹೊಟ್ಟು. ಒಣ ಎಲೆ, ಕಾಯಿಯ ಸಿಪ್ಪೆ, ಆ ವರ್ಷದ ಜೊಳ್ಳು. ಹೊಲದವರು ಬೆಂಕಿ ಹಚ್ಚುವುದಕ್ಕೆ ಗಾಳಿ ನಿಲ್ಲಲಿ ಎಂದು ಕಾಯುತ್ತಿದ್ದರು. "ಇದು ಅದರ ಜೋಡಿ. ಎರಡೂ ಒಂದೇ ಗಿಡದ್ದು," ಎಂದರು ವೈದ್ಯರು.

ಕುರುಬನಾದ ಕಾಕಾನಿಗೆ ಹೊಟ್ಟು ಹೊಸದಲ್ಲ, ದೊಡ್ಡ ಕುರಿಗೆ ಹಾಕಿದವನೇ. ಮರಿಗೆ ಹಾಕುವುದೆಂದರೆ ಹೆದರಿದ. "ಕಡ್ಡಿ ಗಂಟಲಾಗ ಸಿಗತದ," ಎಂಬುದು ಅವನ ವಾದ. ಅದರಲ್ಲಿ ನಿಜವಿತ್ತು. ಕಾಕು ಜರಡಿ ತಂದು ಕೂತಳು. ಕಡ್ಡಿ ಒಂದು ಕಡೆ, ಎಲೆ ಮತ್ತು ಸಿಪ್ಪೆ ಒಂದು ಕಡೆ. ಎರಡು ದಿನ ಇಡೀ ಮನೆ ಹೊಟ್ಟು ಜರಡಿ ಹಿಡಿಯಿತು. ಜರಡಿಯಲ್ಲಿ ಉಳಿದ ಕಡ್ಡಿ ಒಲೆಗೆ ಹೋಯಿತು.

ಮೊದಲ ನಾಲ್ಕು ದಿನ ಹೊಟ್ಟು ಮಾತ್ರ. ಆಮೇಲೆ ಮರಿಗೆ ಒಂದು ಚಿಟಿಕೆ ಎನ್ನುವಷ್ಟು ಚುನ್ನಿ, 20 ಗ್ರಾಂ ಇರಬಹುದು. ಮೂರು ದಿನಕ್ಕೊಮ್ಮೆ ಹೆಚ್ಚಿಸುತ್ತ, ಮೂರು ವಾರದ ಕೊನೆಗೆ ವೈದ್ಯರು ಹೇಳಿದ ಅಳತೆಗೆ ಬಂದೆವು. 10 ಕಿಲೋ ಮಿಶ್ರಣಕ್ಕೆ 5 ಕಿಲೋ ಹೊಟ್ಟು, 3 ಕಿಲೋ ಚುನ್ನಿ, 1 ಕಿಲೋ ಶೇಂಗಾ ಹಿಂಡಿ, 1 ಕಿಲೋ ಒಡಕ ಜೋಳ, ಮೇಲೆ ಉಪ್ಪು ಮತ್ತು ಕುರಿಗೆಂದೇ ಮಾಡಿದ ಖನಿಜ ಪುಡಿ. ಎಮ್ಮೆಗೆ ಹಾಕುವ ಪುಡಿ ಬೇಡ, ತಾಮ್ರ ಹೆಚ್ಚಾದರೆ ಕುರಿ ತಡೆಯುವುದಿಲ್ಲ ಎಂದು ಎರಡೆರಡು ಸಲ ಹೇಳಿದ್ದರು. ಹಿಂಡಿಯ ಮೇಲೆ ಬೂಸ್ಟು ಕಂಡರೆ ಇಡೀ ಚೀಲವನ್ನೇ ತಿರುಗಿಸಿ ಕೊಡಬೇಕು, ಆ ಬೂಸ್ಟಿನ ವಿಷ ಮರಿಯ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ. ಒಣ ಮೇವಿಗೆ ಯೂರಿಯಾ ನೀರು ಹೊಡೆದು ಹದ ಮಾಡುವ ವಿಧಾನ ನಮ್ಮೂರಲ್ಲೂ ಕೆಲವರಿಗೆ ಗೊತ್ತಿತ್ತು. ಅದು ದೊಡ್ಡ ದನಕ್ಕೆ ಸರಿ, ಇಷ್ಟು ಸಣ್ಣ ಮರಿಯ ಹತ್ತಿರ ಯೂರಿಯಾ ತರಲೇಬೇಡಿ ಎಂದು ವೈದ್ಯರು ಖಡಾಖಂಡಿತ ಹೇಳಿದರು.

ಕಾಕಾ ಜಾಲಿ ಗೂಟ ನೆಟ್ಟು ಒಂದು ಮೂಲೆ ಕಟ್ಟಿದ. ಮರಿ ನುಸುಳುವಷ್ಟೇ ಕಿಂಡಿ. ತಾಯಂದಿರು ಹೊರಗೆ ನಿಂತು ಒದರುತ್ತಿದ್ದವು, ಮರಿ ಒಳಗೆ ತಿನ್ನುತ್ತಿದ್ದವು. ಮೇ ತಿಂಗಳ ನಡುವೆ ಒಂದು ಸಂಜೆ ಬಸ್ಸಿಳಿದು ಹಟ್ಟಿಗೆ ಬಂದಾಗ ಮರಿಗಳು ಬಣವೆ ಹತ್ತಿ ಜಿಗಿಯುತ್ತಿದ್ದವು. ಕಾಕಾ ಅವನ್ನು ಇಳಿಸುವ ಗೋಜಿಗೆ ಹೋಗಿರಲಿಲ್ಲ, ನಿಂತು ನೋಡುತ್ತಿದ್ದ.

ಕಥೆ ಇಲ್ಲಿಗೇ ಮುಗಿದಿದ್ದರೆ ಸತ್ತವು ಮೂರೇ ಆಗುತ್ತಿದ್ದವು. ಜೂನ್ ಹೊತ್ತಿಗೆ ಹೊಟ್ಟು ತೀರುತ್ತ ಬಂತು. ಮಳೆ ಬಿದ್ದಿತ್ತು, ಆದರೂ ಮೇಯುವಂಥ ಹಸಿರು ಇನ್ನೂ ಎದ್ದಿರಲಿಲ್ಲ. ನಾನು ಹೊಟ್ಟಿನ ಪಾಲು ಇಳಿಸಿ, ಅದರ ಜಾಗಕ್ಕೆ ಅಗ್ಗವಾಗಿ ಸಿಕ್ಕ ಗೋಧಿ ಬೂಸಾ ತುಂಬಿದೆ. ಮರಿ ಇನ್ನೂ ಬೇಗ ಮೈ ಹತ್ತಿದವು. ಜುಲೈನಲ್ಲಿ ಎಲ್ಲಕ್ಕಿಂತ ದೊಡ್ಡ ಗಂಡುಮರಿ ಬೆನ್ನು ಬಾಗಿಸಿ, ಬಾಲ ಅಲ್ಲಾಡಿಸುತ್ತ, ಮುಕ್ಕಿ ಮುಕ್ಕಿ ಹನಿ ಹನಿ ಉಚ್ಚೆ ಹೊಯ್ಯತೊಡಗಿತು. ಮಲಬದ್ಧತೆ ಇರಬೇಕೆಂದು ಒಂದು ದಿನ ಎಣ್ಣೆ ಕುಡಿಸಿ ಕಳೆದೆವು. ಮರುದಿನ ವೈದ್ಯರು ಬರುವಷ್ಟರಲ್ಲಿ ಮೂತ್ರಚೀಲ ಒಡೆದುಹೋಗಿತ್ತು.

ಟಗರಿನ ಮೂತ್ರನಾಳದ ತುದಿ ದಾರದಷ್ಟು ಸಣ್ಣದು. ಬೂಸಾದಲ್ಲಿ ರಂಜಕ ಬಹಳ, ಸುಣ್ಣ ಕಡಿಮೆ. ರಂಜಕದ ಎರಡು ಪಟ್ಟು ಸುಣ್ಣದ ಅಂಶ ಮೇವಿನಲ್ಲಿ ಇರಬೇಕು, ತಪ್ಪಿದರೆ ಮರಳಿನಂಥ ಕಲ್ಲು ಕಟ್ಟಿ ದಾರಿ ಮುಚ್ಚುತ್ತದೆ. ತೊಗರಿಯ ಎಲೆಹೊಟ್ಟಿನಲ್ಲಿ ಆ ಸುಣ್ಣ ತಾನಾಗಿಯೇ ಇತ್ತು. ಹೊಲದ ಪಾಲನ್ನು ತೆಗೆದು ಗಿರಣಿಯ ಪಾಲನ್ನಷ್ಟೇ ಉಳಿಸಿದ್ದು ನಾನು ಮಾಡಿದ ತಪ್ಪು. ಅಂದಿನಿಂದ ಬೂಸಾ ಕಡಿಮೆ ಮಾಡಿ, ಸುಣ್ಣಕಲ್ಲಿನ ಪುಡಿ ಸೇರಿಸಿ, ನೀರು ಹೆಚ್ಚು ಕುಡಿಯಲೆಂದು ಉಪ್ಪು ಏರಿಸಿದೆವು. ಆಮೇಲೆ ಒಂದು ಮರಿಯೂ ಹೋಗಲಿಲ್ಲ.

ಸೆಪ್ಟೆಂಬರ್ 13ಕ್ಕೆ ಬಕ್ರೀದ್ ಇತ್ತು. ಇಪ್ಪತ್ತು ಗಂಡುಮರಿ ಕಲಬುರಗಿಗೆ ಹೋದವು. ಚುನ್ನಿಯ ಸಾಲ ತೀರಿತು, ಹದಿನೆಂಟು ಹೆಣ್ಣುಮರಿ ಹಟ್ಟಿಯಲ್ಲೇ ಉಳಿದವು. ಈಗ ನಮ್ಮಲ್ಲಿರುವ ಹಿಂಡೆಲ್ಲ ಅವುಗಳ ಸಂತಾನ. ಆ ವರ್ಷ ಮಳೆ ಚೆನ್ನಾಗಿ ಆಯಿತು. ತೊಗರಿ ಎಷ್ಟು ಬೆಳೆಯಿತೆಂದರೆ ಬೆಲೆಯೇ ಬಿದ್ದುಹೋಯಿತು. ರೈತನ ಆ ಸಂಕಟದ ಕಥೆ ಬೇರೆಯದೇ.

ಇದನ್ನು ಬೆಂಕಿಯ ಸುತ್ತ ಹೇಳುವುದು ಬಿಟ್ಟು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಲೆಕ್ಕ ಸುಮಾರು 1 ಕೋಟಿ 11 ಲಕ್ಷ, ತೆಲಂಗಾಣ ಮತ್ತು ಆಂಧ್ರದ ನಂತರ ನಾವೇ. ಅದೇ 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೂ ಭೌಗೋಳಿಕ ಗುರುತು ಬಂತು. ಬೇಳೆಗೆ ಸಂದ ಗೌರವ ನಮಗೆಲ್ಲ ಹೆಮ್ಮೆ, ಆದರೆ ಅದೇ ಗಿಡದ ಹೊಟ್ಟಿಗೆ ಇನ್ನೂ ಬೆಲೆ ಬಂದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿದಾಗ ಮತ್ತೆ ಅದೇ ದೃಶ್ಯ ಕಂಡೆ: ಒಂದು ಹೊಲದಲ್ಲಿ ಹೊಟ್ಟಿನ ಗುಡ್ಡೆ ಉರಿಯುತ್ತಿದೆ, ಅದರ ಪಕ್ಕದ ದಾರಿಯಲ್ಲಿ ಬಡಕಲು ಮರಿಗಳನ್ನು ಹೊಡೆದುಕೊಂಡು ಕುರಿಗಾಹಿ ಸಂತೆಗೆ ನಡೆದಿದ್ದಾನೆ. ಹಿಂದೆ ಹೊಲದಲ್ಲಿ ಹಿಂಡು ನಿಲ್ಲಿಸಿ ಗೊಬ್ಬರ ಮಾಡಿಸಿಕೊಂಡ ರೈತ ಕುರುಬನಿಗೆ ಕಾಳು ಕೊಡುತ್ತಿದ್ದ, ಹೊಟ್ಟು ಬಿಡುತ್ತಿದ್ದ. ಆ ಕೊಡುಕೊಳ್ಳುವಿಕೆ ತೆಳುವಾಗುತ್ತಿದೆ. ಯಂತ್ರ ಬಂದದ್ದು ತಪ್ಪಲ್ಲ, ಯಂತ್ರದ ಬಾಯಿಗೆ ಒಂದು ತಾಡಪತ್ರಿ ಹಾಸಿದರೆ ಹೊಟ್ಟು ಹೊಲದ ತುಂಬ ಹಾರುವುದಿಲ್ಲ.

ತೊಗರಿ ಬೆಳೆಯುವವರಲ್ಲಿ ನನ್ನದೊಂದು ಬೇಡಿಕೆ. ಈ ಸಲ ರಾಶಿ ಮುಗಿದ ಮೇಲೆ ಗುಡ್ಡೆಗೆ ಕಡ್ಡಿ ಗೀರುವ ಮುನ್ನ ಹತ್ತಿರದ ಹಟ್ಟಿಗೆ ಒಂದು ಫೋನು ಮಾಡಿ. ಕುರುಬರು ತಾವೇ ಬಂದು ತುಂಬಿಕೊಂಡು ಹೋಗುತ್ತಾರೆ.