ಕೆಂಚನ ಹಲ್ಲು

ಕಚ್ಚುವ ನಾಯಿಗೆ ನಮ್ಮ ಸಮಾಜದಲ್ಲಿ ಗೌರವದ ಸ್ಥಾನವೊಂದಿದೆ. ಮನೆಯ ಯಜಮಾನರ ಹೆಸರಿಗಿಂತ ದಪ್ಪನೆಯ ಅಕ್ಷರದಲ್ಲಿ ‘ನಾಯಿ ಇದೆ, ಎಚ್ಚರಿಕೆ’ ಎಂದು ಗೇಟಿನ ಮೇಲೆ ಬರೆಸುತ್ತಾರೆ. ಬಂದವರು ಅದನ್ನು ಓದಿ, ಚಪ್ಪಲಿಯನ್ನು ಕೈಗೆ ಬರುವಂತೆ ಸಡಿಲಿಸಿಕೊಂಡು, ಹೊರಗಿನಿಂದಲೇ ‘ಸಾರ್’ ಎನ್ನುತ್ತಾರೆ. ಆದರೆ ‘ಬೆಕ್ಕು ಇದೆ, ಎಚ್ಚರಿಕೆ’ ಎಂಬ ಫಲಕವನ್ನು, ಯಲಹಂಕದಿಂದ ಯಶವಂತಪುರದವರೆಗೆ ಎಷ್ಟು ಸಲ ಓಡಾಡಿದರೂ ನಾನು ಕಂಡಿಲ್ಲ. ನಾಯಿ ಕಚ್ಚಿತೆಂದರೆ ಜನ ‘ಅಯ್ಯೋ’ ಎನ್ನುತ್ತಾರೆ. ಬೆಕ್ಕು ಕಚ್ಚಿತೆಂದರೆ ನಗುತ್ತಾರೆ. ‘ಬೆಕ್ಕು ಪರಚುತ್ತದಲ್ಲವೆ? ಕಚ್ಚುವುದೂ ಉಂಟೆ?’ ಎಂದು ವಿಚಾರಿಸುವವರೂ ಇದ್ದಾರೆ. ಉಂಟು ಸ್ವಾಮಿ, ಚೆನ್ನಾಗಿಯೇ ಉಂಟು.

ನಮ್ಮ ಕೆಂಚ ಯಲಹಂಕ ಉಪನಗರದ ನಮ್ಮ ಮನೆಗೆ ಬಂದದ್ದು ಒಂದು ಮಳೆಗಾಲದಲ್ಲಿ, ಮೋರಿಯ ಪಕ್ಕ ಕೂಗಿಕೊಳ್ಳುತ್ತಿದ್ದ ಅಂಗೈಯಗಲದ ಮರಿಯಾಗಿ. ತಾಯಿಯ ಸುಳಿವಿರಲಿಲ್ಲ, ಒಡಹುಟ್ಟಿದವೂ ಇರಲಿಲ್ಲ. ಮೈಬಣ್ಣ ನೋಡಿ ಹೆಸರಿಟ್ಟವರು ನಮ್ಮ ಸೋದರತ್ತೆ. ಎಂಬತ್ತು ದಾಟಿದ ಅವರು, ಯಜಮಾನರು ತೀರಿಕೊಂಡಂದಿನಿಂದ ನಮ್ಮಲ್ಲಿಯೇ ಇದ್ದಾರೆ. ಅವರಿಗೆ ಮಂಡಿನೋವು, ಸಕ್ಕರೆ ಕಾಯಿಲೆ. ಇವೆರಡಕ್ಕಿಂತ ಕಷ್ಟವಾದದ್ದು ಮಧ್ಯಾಹ್ನದ ಹೊತ್ತು. ಮಗ ಸೊಸೆ ಕಛೇರಿಗೆ, ಮೊಮ್ಮಗ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಗೋಡೆ ಗಡಿಯಾರವೊಂದೇ ಮಾತನಾಡುತ್ತದೆ. ಆ ಹೊತ್ತಿನಲ್ಲಿ ಅತ್ತೆ ಒರಗುಕುರ್ಚಿಯಲ್ಲಿ ಕುಳಿತರೆ, ಕೆಂಚ ಅವರ ತೊಡೆಯ ಮೇಲೆ. ಅವರು ಕೆನ್ನೆ ತುರಿಸುವರು, ಅವನು ಕಣ್ಣು ಮುಚ್ಚಿ ‘ಗುರ್ ಗುರ್’ ಎನ್ನುವನು. ಐದು ವರ್ಷ ಈ ಏರ್ಪಾಡು ಯಾರ ತಂಟೆಯೂ ಇಲ್ಲದೆ ನಡೆಯಿತು.

ಆಮೇಲೆ ಒಂದೇ ತಿಂಗಳಲ್ಲಿ ಅವನು ಮೂವರಿಗೆ ಕಚ್ಚಿದ.

ಮೊದಲನೆಯವನು ಏಳು ವರ್ಷದ ಮೊಮ್ಮಗ. ಬೆಳಗ್ಗೆ ಹೊದಿಕೆಯೊಳಗಿನಿಂದ ಕಾಲ್ಬೆರಳು ಆಡಿಸುತ್ತಿದ್ದಾಗ ಹಿಮ್ಮಡಿಗೆ ಹಲ್ಲು ಬಿತ್ತು. ಎರಡನೆಯವನು ನನ್ನ ಮಗ. ರಾತ್ರಿ ಕಿಟಕಿಯ ಬಳಿ ಬಾಲ ಉಬ್ಬಿಸಿಕೊಂಡು ನಿಂತಿದ್ದ ಕೆಂಚನನ್ನು ಎತ್ತಿಕೊಳ್ಳಲು ಹೋದ. ಮುಂಗೈಗೆ ಬಾಯಿ ಹಾಕಿದ. ಇಬ್ಬರಿಗೂ ಸೋಪು ನೀರು, ಆಸ್ಪತ್ರೆ, ಸೂಜಿ ಎಲ್ಲವೂ ಆಯಿತು. ಮೂರನೆಯದು ಮಾತ್ರ ಮನೆಯನ್ನು ಅಲುಗಾಡಿಸಿತು. ಯಾರ ತೊಡೆಯ ಮೇಲೆ ಐದು ವರ್ಷ ಮಲಗಿದ್ದನೋ ಆ ಅತ್ತೆಯ ಹೆಬ್ಬೆರಳಿನ ಬುಡಕ್ಕೇ ಹಲ್ಲು ಊರಿದ. ಅದೂ ಅವರು ಕೆನ್ನೆ ತುರಿಸುತ್ತಿದ್ದಾಗ.

ಗಾಯ ನೋಡಲು ಏನೂ ಇಲ್ಲ. ಎರಡು ಸೂಜಿಮೊನೆಯಷ್ಟು ತೂತು, ಎರಡು ಹನಿ ರಕ್ತ. ಪಕ್ಕದ ಮನೆಯವರು ಸುಣ್ಣ ಅರಿಶಿನ ಕಲಸಿಕೊಂಡು ಬಂದೇ ಬಿಟ್ಟರು. ನಮ್ಮಾಕೆ ಅವರನ್ನು ಮರ್ಯಾದೆಯಿಂದಲೇ ಕಾಫಿಗೆ ಕೂರಿಸಿ, ಅತ್ತೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಾಕಿ, ಗಡಿಯಾರ ನೋಡಿಕೊಂಡು ೧೫ ನಿಮಿಷ ತೊಳೆದಳು. ಆಸ್ಪತ್ರೆಯ ವೈದ್ಯರು ಇದನ್ನು ಕೇಳಿ, ‘ಅರ್ಧ ಚಿಕಿತ್ಸೆ ಮನೆಯಲ್ಲೇ ಆಗಿದೆ’ ಎಂದರು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಇಂಥ ಗಾಯಕ್ಕೆ ಮೆತ್ತಬಾರದು. ಹರಿಯುವ ನೀರು ಮತ್ತು ಸೋಪಿನಷ್ಟು ಕೆಲಸ ಅವು ಮಾಡುವುದಿಲ್ಲ, ಬದಲಿಗೆ ಗಾಯವನ್ನು ಕೆಡಿಸುತ್ತವೆ.

ಬೆಕ್ಕಿನ ಹಲ್ಲಿನ ವಿಷಯವನ್ನೂ ಅವರು ತಿಳಿಸಿದರು. ನಾಯಿಯ ಹಲ್ಲು ಮಾಂಸವನ್ನು ಹರಿಯುತ್ತದೆ. ಗಾಯ ಬಾಯಿ ತೆರೆದುಕೊಂಡಿರುತ್ತದೆ. ಬೆಕ್ಕಿನದು ಸಣ್ಣಗೆ, ಚೂಪಾಗಿ, ಆಳಕ್ಕೆ ಇಳಿಯುತ್ತದೆ. ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತದೆ; ಕ್ರಿಮಿಗಳು ಒಳಗೇ ಉಳಿಯುತ್ತವೆ. ಕೈಬೆರಳಿನ ಕೀಲುಗಳಾದರೆ, ಅದರಲ್ಲೂ ಸಕ್ಕರೆ ಕಾಯಿಲೆಯವರಾದರೆ, ಒಂದು ದಿನದೊಳಗೆ ಊದಿ ಕೆಂಪಾಗುವುದು ಅಪರೂಪವಲ್ಲ. ಬೆಕ್ಕಿನ ಬಾಯಲ್ಲಿ ಸಾಮಾನ್ಯವಾಗಿರುವ ಆ ಕ್ರಿಮಿಯ ಹೆಸರು ಪಾಶ್ಚರೆಲ್ಲ. ಲೂಯಿ ಪಾಶ್ಚರನ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ೧೮೮೫ರ ಜುಲೈ ೬ರಂದು ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಮೊದಲ ಲಸಿಕೆ ಕೊಡಿಸಿದ ಮಹಾನುಭಾವ ಅವನೇ. ಅತ್ತೆಯ ಒಂದೇ ಗಾಯದಲ್ಲಿ ರೋಗದ ಕಡೆಗೂ ಮದ್ದಿನ ಕಡೆಗೂ ಅವನ ಹೆಸರು ಬಂದಂತಾಯಿತು.

ಹುಚ್ಚುನಾಯಿ ರೋಗ ಎಂದು ನಾವು ನಾಯಿಯ ತಲೆಗೇ ಕಟ್ಟಿದ್ದರೂ ರೇಬೀಸ್ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯನಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಆದ್ದರಿಂದ ಕೆಂಚನಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದರೂ, ವೈದ್ಯರು ಅತ್ತೆಗೆ ಲಸಿಕೆ ಆರಂಭಿಸಿದರು. ರಕ್ತ ಬಂದಿದ್ದರಿಂದ ಗಾಯದ ಸುತ್ತಲೂ ಇನ್ನೊಂದು ಮದ್ದನ್ನು ಚುಚ್ಚಿದರು. ‘ಹೊಕ್ಕುಳ ಸುತ್ತ ಹದಿನಾಲ್ಕು ಅಲ್ಲವೇನಪ್ಪ?’ ಎಂದು ಅತ್ತೆ ಕೇಳಿದರು. ಅವರ ಕಾಲದ ಲೆಕ್ಕ ಅದು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ೨೦೦೪-೦೫ರ ಸುಮಾರಿಗೆ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ: ಮೊದಲ ದಿನ, ಆಮೇಲೆ ೩, ೭, ೧೪, ೨೮ನೆಯ ದಿನ. ಚರ್ಮದೊಳಗೆ ಚುಚ್ಚುವ ಮತ್ತೊಂದು ಪದ್ಧತಿಯಲ್ಲಿ ಇನ್ನೂ ಕಡಿಮೆ ಸಲ ಹೋದರೆ ಸಾಕು.

ಆ ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಸಭೆ ಸೇರಿತು. ಆಪಾದಿತನು ಬೀರುವಿನ ಮೇಲೆ ಮಲಗಿದ್ದನು.

ಮಗನ ಮಾತಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ‘ಅಪ್ಪ, ಇವತ್ತು ಅತ್ತಜ್ಜಿಯ ಕೈ. ನಾಳೆ ಮಗುವಿನ ಕಣ್ಣಿಗೆ ಬಾಯಿ ಹಾಕಿದರೆ ಯಾರು ಜವಾಬ್ದಾರಿ? ಎಲ್ಲಾದರೂ ದೂರ ಬಿಟ್ಟುಬರೋಣ’ ಎಂದ. ಅದಕ್ಕೆ ಎದುರು ಹೇಳುವುದು ಸುಲಭವಲ್ಲ. ನಮ್ಮ ಹಿರಿಯರೂ ಇದನ್ನೇ ಮಾಡುತ್ತಿದ್ದರು. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಡುವರು, ಅವರು ಮನೆಗೆ ಬರುವಷ್ಟರಲ್ಲಿ ಅದು ಒಲೆಯ ಪಕ್ಕ ಕುಳಿತಿರುವುದು. ಈಗ ಹೊಳೆಯೂ ಇಲ್ಲ, ಒಲೆಯೂ ಇಲ್ಲ. ‘ಪುಟ್ಟೇನಹಳ್ಳಿ ಕೆರೆ ಹತ್ತಿರ?’ ಎಂದಳು ಸೊಸೆ. ಯಲಹಂಕದ ಆ ಕೆರೆಯನ್ನು ಸರ್ಕಾರ ೨೦೧೫ರಲ್ಲಿ ಪಕ್ಷಿ ಸಂರಕ್ಷಣಾ ತಾಣವೆಂದು ಘೋಷಿಸಿದೆ. ಹಕ್ಕಿಗಳ ಊರಿಗೆ ಬೆಕ್ಕನ್ನು ಕಳುಹಿಸುವುದು ನ್ಯಾಯವಾದೀತೆ? ಅಲ್ಲದೆ, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಅಷ್ಟು ಹೊತ್ತು ಅತ್ತೆ ಮಾತನಾಡಿರಲಿಲ್ಲ. ಬಟ್ಟೆ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ‘ಬಿಟ್ಟುಬರುವ ಆಟೋದಲ್ಲಿ ನನಗೂ ಒಂದು ಜಾಗ ಇಟ್ಟಿರು ಕಣೋ. ಈಚೆಗೆ ನಾನೂ ಎಲ್ಲರ ಮೇಲೂ ಹರಿಹಾಯುತ್ತೀನಿ’ ಎಂದರು.

ತಮಾಷೆಗೇ ಹೇಳಿದರು. ಆದರೆ ಯಾರೂ ನಗಲಿಲ್ಲ. ಸೊಸೆ ಎದ್ದು ಹೋಗಿ ಅವರ ರಾತ್ರಿಯ ಮಾತ್ರೆ ತಂದಳು.

ಕೆಂಚನಿಗೆ ಗಡುವು ಸಿಕ್ಕಿದ್ದು ದಯೆಯಿಂದಲ್ಲ, ವೈದ್ಯಶಾಸ್ತ್ರದಿಂದ. ಕಚ್ಚಿದ ನಾಯಿಯನ್ನಾಗಲಿ ಬೆಕ್ಕನ್ನಾಗಲಿ ೧೦ ದಿನ ಕಣ್ಣೆದುರಿನಲ್ಲಿ ಇಟ್ಟುಕೊಂಡಿರಬೇಕು. ಅಷ್ಟು ದಿನವೂ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ಅರ್ಥ. ಉಳಿದ ಸೂಜಿಗಳ ವಿಚಾರವನ್ನು ವೈದ್ಯರು ಆಗ ನಿಶ್ಚಯಿಸುತ್ತಾರೆ. ಸಿಟ್ಟಿನಲ್ಲಿ ಅದೇ ದಿನ ಬೆಕ್ಕನ್ನು ಓಡಿಸಿದವರು ಈ ಸಾಕ್ಷಿಯನ್ನೇ ಕೈಯಾರೆ ಕಳೆದುಕೊಳ್ಳುತ್ತಾರೆ.

ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಒಂದು ನೋಟುಪುಸ್ತಕ ತೆಗೆದು ಕೆಂಚನ ಖಾತೆ ತೆರೆದೆ: ತಾರೀಖು, ಹೊತ್ತು, ಯಾರಿಗೆ, ಎಲ್ಲಿ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು. ನಾಲ್ಕನೆಯ ದಿನ ಆ ಪುಸ್ತಕವನ್ನೂ, ಮುಚ್ಚಳದ ಬುಟ್ಟಿಯಲ್ಲಿ ಕೆಂಚನನ್ನೂ ಹಿಡಿದು ಆಟೋ ಹತ್ತಿದೆ. ಅಲ್ಲಾಳಸಂದ್ರ, ಬ್ಯಾಟರಾಯನಪುರ, ಕೊಡಿಗೇಹಳ್ಳಿ ಗೇಟು ದಾಟುವವರೆಗೂ ಅವನು ಒಂದೇ ರಾಗವನ್ನು ವಿಸ್ತರಿಸಿದ. ಆಟೋದವರು ಮೀಟರಿನ ಮೇಲೆ ಹೆಚ್ಚಿಗೆ ಕೇಳಲಿಲ್ಲ. ಅವರಿಗೂ ಬೇಗ ತಲುಪಬೇಕಾಗಿತ್ತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ೧೯೫೮ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ ಹುಟ್ಟಿದ್ದು. ಅಲ್ಲಿಯ ರೇಬೀಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆಯಿದೆ. ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣಕ್ಕೆ ಧಾವಿಸುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ಆಸ್ಪತ್ರೆಯ ಮುಂದೆ ಒಂದು ಹಸು, ಎರಡು ಮೇಕೆ, ಕಾಲಿಗೆ ಪಟ್ಟಿ ಕಟ್ಟಿದ ನಾಯಿ, ಬೆನ್ನು ತಿರುಗಿಸಿ ಕುಳಿತ ಗಿಳಿ, ಎಲ್ಲರೂ ಸರದಿಗೆ ಕಾದಿದ್ದರು. ಜಾತಿಭೇದ ವರ್ಗಭೇದಗಳಿಲ್ಲದ ಸಮಾಜವನ್ನು ನೋಡಬೇಕೆನ್ನುವವರು ಒಂದು ಬೆಳಗ್ಗೆ ಅಲ್ಲಿಗೆ ಹೋಗಬಹುದು.

ತರುಣ ವೈದ್ಯೆ ಮೊದಲು ಪುಸ್ತಕ ಓದಿದರು, ಆಮೇಲೆ ರೋಗಿಯನ್ನು ನೋಡಿದರು. ‘ಕಚ್ಚಿದ್ದು ಒಂದೇ ಬಾಯಿ, ಸಾರ್, ಕಾರಣ ಮೂರು’ ಎಂದರು.

ಮೊಮ್ಮಗನದು ಆಟದ ಕಚ್ಚು. ಮರಿಗಳು ತಾಯಿ ಮತ್ತು ಒಡಹುಟ್ಟುಗಳೊಡನೆ ಕುಸ್ತಿಯಾಡುತ್ತಲೇ ಎಷ್ಟು ಜೋರಾಗಿ ಕಚ್ಚಬಹುದೆಂಬುದನ್ನು ಕಲಿಯುತ್ತವೆ. ಮೋರಿಯ ಬದಿಯಲ್ಲಿ ಒಂಟಿಯಾಗಿ ಸಿಕ್ಕಿದವನಿಗೆ ಆ ಪಾಠವಾಗಿರಲಿಲ್ಲ. ಹೊದಿಕೆಯೊಳಗೆ ಆಡುವ ಬೆರಳು ಅವನ ಮಟ್ಟಿಗೆ ಇಲಿ. ಮಗನದು ಬೇರೆಯವರ ಪಾಲಿನ ಕಚ್ಚು. ಹೊರಗೆ ಕಾಂಪೌಂಡಿನ ಮೇಲೆ ಬೀದಿಯ ಗಂಡುಬೆಕ್ಕು ಕುಳಿತಿತ್ತು. ಗಾಜು ಅಡ್ಡವಿದ್ದುದರಿಂದ ಅದಕ್ಕೆ ಸಲ್ಲಬೇಕಾದದ್ದು ಮಗನಿಗೆ ಸಂದಿತು. ಕಛೇರಿಯಲ್ಲಿ ಸಾಹೇಬರಿಂದ ಬೈಸಿಕೊಂಡವರು ಮನೆಗೆ ಬಂದು ಏನು ಮಾಡುತ್ತಾರೆಂಬುದನ್ನು ನೆನೆದರೆ ಇದು ಅರ್ಥವಾಗದ ವಿಷಯವೇನಲ್ಲ.

ಅತ್ತೆಯ ಕಾರಣ ಕೆಂಚನ ಬಾಯೊಳಗೇ ಇತ್ತು. ಎಡಗಡೆಯ ದವಡೆ ಹಲ್ಲೊಂದು ಒಸಡಿನ ಅಂಚಿನಲ್ಲಿ ಕರಗಿ ಕುಳಿಯಾಗಿತ್ತು. ಸುತ್ತ ಕೆಂಪಗೆ ಊದಿತ್ತು. ವಯಸ್ಸಾಗುತ್ತಿರುವ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯವಂತೆ. ಅತ್ತೆ ಐದು ವರ್ಷದಿಂದ ಪ್ರೀತಿಯಿಂದ ತುರಿಸುತ್ತಿದ್ದುದು ಅದೇ ಕೆನ್ನೆ. ‘ಇಷ್ಟು ನೋವಿದ್ದರೆ ಕೂಗಬೇಡವೇನಮ್ಮ?’ ಎಂದೆ. ಬೆಕ್ಕು ಬೇಟೆಯಾಡುವ ಪ್ರಾಣಿಯೇ ಆದರೂ ಮತ್ತೊಬ್ಬರಿಗೆ ಬೇಟೆಯಾಗುವಷ್ಟು ಚಿಕ್ಕದು. ಆದ್ದರಿಂದ ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಸ್ವಭಾವ ಎಂದರು. ಊಟ ನಿಧಾನವಾಗುತ್ತದೆ, ಒಂದೇ ಬದಿಯಲ್ಲಿ ಅಗಿಯುತ್ತದೆ, ಮುಟ್ಟಿದರೆ ಸಿಡುಕುತ್ತದೆ. ಅಷ್ಟೇ ಅದರ ದೂರು.

ಹತ್ತು ದಿನ ಕಳೆದು, ಕೆಂಚ ನೆಟ್ಟಗಿರುವುದು ಖಚಿತವಾದ ಮೇಲೆ, ಅರಿವಳಿಕೆ ಕೊಟ್ಟು ಹಲ್ಲು ಕಿತ್ತರು. ಮನೆಗೆ ಕೆಲವು ಕಾನೂನುಗಳೂ ಬಂದವು. ಬರಿಗೈಯಲ್ಲಿ ಅವನೊಡನೆ ಆಡುವಂತಿಲ್ಲ. ಕೋಲಿಗೆ ಕಟ್ಟಿದ ದಾರ, ಗರಿ ಇವೆಯಲ್ಲ. ದೊಡ್ಡವರಿಲ್ಲದಾಗ ಮಗುವಿನೊಡನೆ ಅವನನ್ನು ಬಿಡುವಂತಿಲ್ಲ. ಕಿಟಕಿಯ ಕೆಳಗಿನ ಗಾಜಿಗೆ ಕಾಗದ ಅಂಟಿಸಬೇಕು (ಹಳೆಯ ಪುರವಣಿಗಳು ಇದಕ್ಕೆ ಪ್ರಶಸ್ತ). ಬೀರುವಿನ ಮೇಲೆ ಹೋದವನನ್ನು ಕೆಳಗೆಳೆಯಬಾರದು. ಹಲ್ಲಿಗೆ ಸಿಕ್ಕಿದ ಕೈಯನ್ನು ಕಿತ್ತುಕೊಳ್ಳಬಾರದು; ಕಿತ್ತರೆ ಗಾಯ ಹೆಚ್ಚು. ಅಲುಗಾಡದೆ ನಿಂತರೆ ತಾನೇ ಬಿಡುತ್ತಾನೆ. ಹೊಡೆಯಲೇಬಾರದು, ಹೊಡೆತದಿಂದ ಬೆಕ್ಕು ಕಲಿಯುವುದು ಭಯವೊಂದನ್ನೇ, ಭಯಪಟ್ಟ ಬೆಕ್ಕು ಮೊದಲು ಮಾಡುವುದು ಕಚ್ಚುವುದನ್ನೇ. ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕು ಸಲ ಸವರಿ ನಿಲ್ಲಿಸಿ, ಅವನಿಗೆ ಇನ್ನೂ ಬೇಕೇ ಎಂದು ನೋಡಬೇಕು. ಬಾಲದ ತುದಿ ಪಟಪಟ ಬಡಿದರೆ, ಬೆನ್ನಿನ ಚರ್ಮ ಅದುರಿದರೆ, ಕಿವಿ ಹಿಂದಕ್ಕೆ ಮಡಿಸಿಕೊಂಡರೆ ಸಾಕು ಎಂದರ್ಥ. ಬೆಕ್ಕು ಹೇಳದೆ ಕಚ್ಚುವುದು ಕಡಿಮೆ. ಅದರ ಭಾಷೆ ನಮ್ಮ ಕಿವಿಗೆ ಬೀಳುವಂಥದಲ್ಲ, ಅಷ್ಟೆ.

ಕೆಂಚ ಋಷಿಯಾದನೆಂದು ಯಾರೂ ತಿಳಿಯಬೇಡಿ. ಗಂಡುಬೆಕ್ಕಿನ ಗಲಾಟೆಯ ರಾತ್ರಿಯೊಂದರಲ್ಲಿ ಇನ್ನೊಮ್ಮೆ ಹಲ್ಲು ತೋರಿಸಿದ. ಮಗ ದೂರ ನಿಂತ, ಬಾಗಿಲು ಹಾಕಿದ, ಬೆಳಗ್ಗೆ ಎಲ್ಲ ಸರಿಹೋಗಿತ್ತು. ಅತ್ತೆಯ ಹೆಬ್ಬೆರಳು ವಾಸಿಯಾಗಿದೆ. ಹದಿನೈದು ದಿನ ಅವರು ಅವನನ್ನು ಮುಟ್ಟಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವನೇ ತೊಡೆ ಏರಿದ. ಅವರು ಎಣಿಸಿ ನಾಲ್ಕು ಸಲ ಸವರಿದರು.

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ಮೊಮ್ಮಗ. ಮೊನ್ನೆ ಊಟದ ಹೊತ್ತಿನಲ್ಲಿ ಅತ್ತೆ, ಸಾರಿಗೆ ಉಪ್ಪು ಹೆಚ್ಚೆಂದು ಸೊಸೆಯ ಮೇಲೆ ರೇಗುವುದಕ್ಕೆ ಮುಂಚೆ, ಕುರ್ಚಿಯ ಕೈಯನ್ನು ಬೆರಳಿನಿಂದ ಬಡಿಯತೊಡಗಿದರು. ಹುಡುಗ ಅಮ್ಮನ ಸೆರಗು ಜಗ್ಗಿ, ‘ಅಮ್ಮಾ, ದೊಡ್ಡಜ್ಜಿ ಬಾಲ ಅಲ್ಲಾಡಿಸ್ತಿದಾರೆ’ ಎಂದ. ಒಂದು ಕ್ಷಣ ನಮಗೆಲ್ಲ ಉಸಿರೇ ನಿಂತಿತು. ಅತ್ತೆಯೇ ಮೊದಲು ನಕ್ಕರು. ಸೊಸೆ ಸಾರಿನ ಪಾತ್ರೆ ಕೆಳಗಿಟ್ಟು, ‘ಮಂಡಿ ತುಂಬ ನೋಯ್ತಿದೆಯಾ ಅತ್ತಜ್ಜಿ?’ ಎಂದು ಕೇಳಿದಳು. ‘ಮೂರು ದಿನದಿಂದ ನಿದ್ದೆಯಿಲ್ಲಮ್ಮ’ ಎಂದರು ಅವರು. ಅದನ್ನು ಅವರು ಹಿಂದೆ ಯಾರಿಗೂ ಹೇಳಿರಲಿಲ್ಲ.

ಮುಂದಿನ ವಾರ ಕೆಂಚನಿಗೆ ಈ ವರ್ಷದ ಲಸಿಕೆ ಬರುತ್ತದೆ. ಅದೇ ವಾರ ಅತ್ತೆಯನ್ನು ಮೂಳೆ ವೈದ್ಯರಲ್ಲಿಗೆ ಕರೆದೊಯ್ಯುವುದೆಂದು ಗೊತ್ತಾಗಿದೆ. ಎರಡೂ ತಾರೀಖುಗಳನ್ನು ನಾನು ಅದೇ ನೋಟುಪುಸ್ತಕದಲ್ಲಿ, ಒಂದರ ಕೆಳಗೊಂದು ಬರೆದಿಟ್ಟಿದ್ದೇನೆ.