ನಡುವಿನ ರಂಗ

ನಡುಗಡ್ಡೆ ಅಂದಕೂಡಲೆ ನಮಗೆಲ್ಲ ಸಮುದ್ರ, ಹಡಗು ಕಣ್ಣಿಗೆ ಬರುತ್ತವೆ. ಅಷ್ಟು ದೂರ ಯಾಕೆ? ಶಿವನಸಮುದ್ರವೇ ಒಂದು ನಡುಗಡ್ಡೆ ಅನ್ನುವುದು ನಮ್ಮ ಚನ್ನಪಟ್ಟಣ, ಕನಕಪುರದ ಕಡೆಯ ಎಷ್ಟು ಜನ ಸೋದರಿಯರಿಗೆ ಗೊತ್ತು? ಕಾವೇರಿ ಅಲ್ಲಿ ಎರಡು ಕವಲಾಗಿ, ಒಂದು ಗಗನಚುಕ್ಕಿಯಲ್ಲೂ ಇನ್ನೊಂದು ಭರಚುಕ್ಕಿಯಲ್ಲೂ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ಆ ಎರಡು ಕವಲುಗಳ ನಡುವಿನ ನೆಲದಲ್ಲಿ ಮಲಗಿದ್ದಾನೆ ಮಧ್ಯರಂಗ.

ಶ್ರೀರಂಗಪಟ್ಟಣದವನು ಆದಿರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಮೂವರೂ ಕಾವೇರಿಯ ನಡುಗಡ್ಡೆಗಳಲ್ಲೇ ಇರುವವರು. ಒಂದೇ ದಿನದಲ್ಲಿ ಮೂವರನ್ನೂ ನೋಡಿದರೆ ಬಹಳ ಪುಣ್ಯವೆಂದು ನಂಬಿಕೆ. ಕಾರಿದ್ದವರು ಬೆಳಗಿನ ಜಾವವೇ ಹೊರಟು, ಓಡೋಡಿ ನೋಡಿ ಬರುತ್ತಾರಂತೆ. ನನಗಂತೂ ಆ ಓಟ ಒಗ್ಗದು. ದೇವರೆದುರು ಐದು ನಿಮಿಷ ಕೂರದಿದ್ದರೆ ಅದೆಂಥ ದರ್ಶನ?

ನಮ್ಮತ್ತೆಯವರಿಗೆ ಈಗ 78 ವರ್ಷ. ಆದಿರಂಗನನ್ನು ರೈಲಿನಲ್ಲಿ ಹೋಗಿ ಎಷ್ಟೋ ಸಲ ನೋಡಿದ್ದಾರೆ. ಅಂತ್ಯರಂಗನನ್ನು ಯಾತ್ರೆಯ ಬಸ್ಸಿನಲ್ಲಿ ಹೋಗಿ ನೋಡಿ ಬಂದರು. ಮಾಗಡಿ ತಿರುಮಲೆಯ ರಂಗನಾಥನಂತೂ ಮನೆದೇವರೇ. ಉಳಿದವನು ಹತ್ತಿರದ ಈ ನಡುವಿನವನೊಬ್ಬ! ಶಿವನಸಮುದ್ರಕ್ಕೆ ಹೋಗಿಲ್ಲವೆಂದಲ್ಲ. ಮನೆಮಂದಿಯೆಲ್ಲ ಹೋಗಿ, ಮಳವಳ್ಳಿ ಕಡೆಯ ದಡದಲ್ಲಿ ನಿಂತು ಗಗನಚುಕ್ಕಿ ನೋಡಿ, ಫೋಟೋ ತೆಗೆಸಿಕೊಂಡು, ಕಡಲೆಕಾಯಿ ತಿಂದದ್ದಾಯಿತು. ಗಂಡಸರಿಗೆ ನೀರು ನೋಡಿದರೆ ಮುಗಿಯಿತು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು, ಇದನ್ನೇ ಮಾತಾಡುತ್ತಾ ವ್ಯಾನು ಹತ್ತಿಬಿಟ್ಟರು. ಅತ್ತೆ ಈಚೆ ದಡದಿಂದಲೇ ಕೈಮುಗಿದರು. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಅಷ್ಟು ಹತ್ತಿರ ಹೋಗಿ ಹಿಂದಕ್ಕೆ ಬಂದೆನಲ್ಲೇ!"

ಮಧ್ಯರಂಗನಿಗೆ ಜಗನ್ಮೋಹನ ರಂಗನಾಥ ಎಂದೂ ಹೆಸರು. ಹರೆಯದ ರೂಪವೆಂದು ಹೇಳುತ್ತಾರೆ. ಸೋಮೇಶ್ವರನ ಗುಡಿಯೂ ಆ ನಡುಗಡ್ಡೆಯಲ್ಲೇ ಇದೆ. ನಮ್ಮ ಅರ್ಕಾವತಿ ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಸೇರುವುದು ಈ ರಂಗನನ್ನು ಬಳಸಿ ಬಂದ ಕಾವೇರಿಯನ್ನೇ. ಹಾಗಾಗಿ ಅವನು ಪರಸ್ಥಳದವನು ಅಂತ ನನಗನ್ನಿಸುವುದೇ ಇಲ್ಲ.

ದಾರಿಯೂ ಕಷ್ಟದ್ದಲ್ಲ. ಕನಕಪುರದಿಂದ ಸಾತನೂರು, ಹಲಗೂರು, ಮಳವಳ್ಳಿಯ ಮೇಲೆ ಕೊಳ್ಳೇಗಾಲದ ರಸ್ತೆ. ಮಾಗಡಿ, ರಾಮನಗರದವರು ಕನಕಪುರಕ್ಕೆ ಬಂದು ಅದೇ ರಸ್ತೆ ಹಿಡಿಯಬಹುದು. ನಾವು ಚನ್ನಪಟ್ಟಣದವರು ನೇರ ಸಾತನೂರಿಗೇ ಹೋಗಿ ಸೇರಿಕೊಳ್ಳಬಹುದು. ಹೊಳೆ ದಾಟಿ, ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ತಿರುಗಬೇಕು. ಬಸ್ಸಿನಲ್ಲಿ ಹೋದವರು ಅಲ್ಲಿಂದ ಮುಂದಕ್ಕೆ ಆಟೋ ವಿಚಾರಿಸಿಕೊಳ್ಳಿ. ಮಧ್ಯಾಹ್ನಕ್ಕೆ ಮುಂಚೆ ದೇವಸ್ಥಾನ ತಲುಪುವ ಹಾಗೆ ಹೊರಟರೆ ಮೇಲು. ಮಕ್ಕಳಿದ್ದರೆ ಕೈ ಬಿಡಬೇಡಿ, ನೀರಿಗಂತೂ ಇಳಿಸಲೇಬೇಡಿ. ಮೇಲೆ ಶಾಂತವಾಗಿ ಕಂಡರೂ ಆ ಹೊಳೆಗೆ ಸೆಳೆತ ಬಹಳ.

ಈ ಸಲ ದಸರಾ ಕಳೆದು ಮಳೆ ಇಳಿದ ಮೇಲೆ ಅತ್ತೆಯವರನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇನೆ. ಮಂಡಿನೋವಿನವರಿಗೆ ಭರಚುಕ್ಕಿಯ ಮೆಟ್ಟಿಲು ಬೇಡ, ಮೇಲಿಂದ ನೋಡಿದರೆ ಸಾಕು. ಪುಳಿಯೋಗರೆ ಗೊಜ್ಜು ಹಿಂದಿನ ದಿನವೇ ಮಾಡಿಡುತ್ತೇನೆ, ಜೊತೆಗೆ ಮೊಸರನ್ನ. ಹಿತ್ತಲ ತುಳಸಿಯನ್ನು ತಾನೇ ಮಾಲೆ ಕಟ್ಟುತ್ತೇನೆಂದು ಅತ್ತೆ ಈಗಲೇ ಬಾಳೆನಾರು ಎತ್ತಿಟ್ಟಿದ್ದಾರೆ. ಮೊದಲು ರಂಗನ ಗುಡಿ. ಗಂಡಸರು ಬೇಕಾದರೆ ಆಮೇಲೆ ಎಷ್ಟು ಹೊತ್ತಾದರೂ ನೀರು ನೋಡಿಕೊಂಡಿರಲಿ.